ಚೀಟಿ ನಾದಿನಿಯದು, ಕಾಲು ಲಲಿತಾಬಾಯಿಯದು

“ಇನ್ನೊಂದು ವಾರ ತಡಕೊ ಯವ್ವಾ. ಅಯ್ನೋರು ಬಂದು ಹೋಗ್ಲಿ, ಆಮ್ಯಾಲ ಬೇಕಾದ್ರ ತಿಂಗಳಗಟ್ಲೆ ಮೂಲ್ಯಾಗ ಕುಂದ್ರು,” ಎಂದು ವಿಮಲಾಬಾಯಿ ಗುಳಿಗೆಯ ಹೊಸ ಪಾಕೀಟನ್ನು ಸೊಸೆಯ ಅಂಗೈಯಲ್ಲಿಟ್ಟು, ಅದರ ಮೇಲೊಂದು ಬೆಲ್ಲದ ಚೂರನ್ನೂ ಇಟ್ಟರು. ಬೆಲ್ಲ ಜೊತೆಗಿದ್ದರೆ ಎಂಥ ಮಾತೂ ಗಂಟಲಲ್ಲಿ ಇಳಿಯುತ್ತದೆ ಎಂಬುದು ಅವರ ಬಹುಕಾಲದ ನಂಬಿಕೆ.

ಲಲಿತಾಬಾಯಿ ಬೆಲ್ಲ ತಿಂದಳು, ಗುಳಿಗೆಯನ್ನೂ ನುಂಗಿದಳು. ಎಡಗಾಲು ಜಗ್ಗುತ್ತಿದೆ ಎಂದು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೋಳಿಗೆಯ ಬೇಳೆ ಆರಿಸಲು ಕುಳಿತಾಗಿತ್ತು.

ಎಪ್ಪತ್ತೆಂಟನೆಯ ಇಸವಿಯ ಮಾತು. ಚಿತ್ತಾಪುರದ ಆ ಮನೆಯವರು ಶಹಾಬಾದಿನ ಕಲ್ಲು ಹಾಸಿ ಹೊಸ ಪಡಸಾಲೆ ಕಟ್ಟಿಸಿದ್ದರು. ಅಲ್ಲಿ ಮೊದಲು ಆಗಬೇಕಾದದ್ದು ಮನೆತನದ ಜಂಗಮರಾದ ಮಡಿವಾಳಯ್ಯನವರ ಪಾದಪೂಜೆ, ಅದೂ ಮನೆಯ ಸೊಸೆಯ ಕೈಯಿಂದ. ದಿನ ಗೊತ್ತು ಮಾಡಿದರೆ, ಸೊಸೆ ಮುಟ್ಟಾಗುವ ದಿನವೂ ಸರಿಯಾಗಿ ಅಲ್ಲಿಗೇ ಬಂದು ನಿಂತಿತು. ಅದಕ್ಕೇ ಮುಟ್ಟು ಮುಂದೆ ಹಾಕುವ ಗುಳಿಗೆ. ಆಮೇಲೆ ಅಯ್ಯನವರಿಗೆ ಮಳಖೇಡದಿಂದ ಕರೆ ಬಂತು, ದಿನ ಮುಂದೆ ಹೋಯಿತು, ಗುಳಿಗೆಯೂ ಮುಂದುವರಿಯಿತು. ಆಮೇಲೆ ಐನಾಪುರದಲ್ಲಿ ಯಾರದೋ ಮದುವೆ. ಮತ್ತೆ ಗುಳಿಗೆ. ಅಯ್ಯನವರ ತಿರುಗಾಟಕ್ಕೆ ತಕ್ಕಂತೆ ಲಲಿತಾಬಾಯಿಯ ಮೈ ಕಾಯುತ್ತ ನಿಲ್ಲಬೇಕಾಯಿತು.

ಗುಳಿಗೆ ಎಲ್ಲಿಂದ ಬಂತು ಎಂದರೆ, ಅದು ವಾಡಿಯಲ್ಲಿರುವ ನಾದಿನಿಗೆ ಡಾಕ್ಟರು ಬರೆದುಕೊಟ್ಟದ್ದು. ಅವಳಿಗೆ ಇನ್ನೊಂದು ಕೂಸು ಇಷ್ಟು ಬೇಗ ಬೇಡವಾಗಿತ್ತು. ಚಿತ್ತಾಪುರದ ಮನೆಯಲ್ಲಿ ಒಬ್ಬರಿಗೆ ಬರೆದ ಚೀಟಿ ಎಂದರೆ ಮನೆಮಂದಿಗೆಲ್ಲ ಬರೆದಂತೆ. ಮಾವನ ಕೆಮ್ಮಿನ ಔಷಧಿಯನ್ನು ಮೂರು ತಲೆಮಾರು ಕುಡಿದಿತ್ತು. ವಿಮಲಾಬಾಯಿಯೂ ಅವರ ಅಕ್ಕನೂ ಒಂದೇ ಚಾಳೀಸಿನಲ್ಲಿ ಸರದಿಯ ಮೇಲೆ ಲೋಕವನ್ನು ನೋಡುತ್ತಿದ್ದರು. ಹೀಗಿರುವಾಗ ಮಗಳ ಚೀಟಿ ಸೊಸೆಗೆ ಆಗುವುದಿಲ್ಲ ಎಂದು ಯಾರಿಗೆ ಹೊಳೆಯಬೇಕು? ಬಸವಂತರಾಯ, ಅಂದರೆ ಲಲಿತಾಬಾಯಿಯ ಗಂಡ, ಚೀಟಿಯನ್ನು ಔಷಧಿ ಅಂಗಡಿಗೆ ಒಯ್ದ. ಅಂಗಡಿಯವನು ಗುಳಿಗೆ ಕೊಟ್ಟ. ಚೀಟಿ ಯಾರದು, ಹೊಟ್ಟೆ ಯಾರದು ಎಂದು ಕೇಳುವುದು ಅವನ ಕಸುಬಲ್ಲ.

ನಾದಿನಿಯ ಕಾಲಿಗೆ ಏನೂ ಆಗಿರಲಿಲ್ಲ. ಲಲಿತಾಬಾಯಿಯ ಎಡಗಾಲು ಮಾತ್ರ ಎರಡನೆಯ ಬಾಣಂತನದಲ್ಲಿ ಬಾತು ಬಾಳೆದಿಂಡಿನಂತಾಗಿ, ಗುಲಬರ್ಗಾದ ಆಸ್ಪತ್ರೆಯಲ್ಲಿ ಮಲಗಿ ಬಂದಿತ್ತು. ಅದನ್ನು ಮನೆಯಲ್ಲಿ ಎಲ್ಲರೂ ಬಲ್ಲರು. ಆದರೆ ಅದು ಬಾಣಂತನದ ಕಾಲು, ಇದು ಪೂಜೆಯ ಗುಳಿಗೆ. ಎರಡಕ್ಕೂ ಸಂಬಂಧ ಹಚ್ಚಿದವರಿಲ್ಲ.

ಪೂಜೆಯ ದಿನ ಬೆಳಿಗ್ಗೆ ಅವಳು ಹೂ ಕೇಳಲು ಪಕ್ಕದ ಮನೆಗೆ ಹೋದಳು. ಹಿತ್ತಲಲ್ಲಿ ಮಲ್ಲಿಗೆ ಬೆಳೆಸಿದ್ದ ಅಖ್ತರ ಬೇಗಂ, ಇವಳು ಕಾಲೆಳೆಯುತ್ತ ಬರುವುದನ್ನು ಕಂಡು, ಏನಮ್ಮಾ, ದರ್ಬಾರಿನ ಆನೆ ನಡೆದಂತೆ ಬರುತ್ತೀ ಎಂದು ನಕ್ಕರು. ಸೀರೆಯ ಅಂಚು ಎತ್ತಿಸಿ ನೋಡಿದ ಮೇಲೆ ನಗಲಿಲ್ಲ. ಮೀನಖಂಡ ಬಿಗಿದು, ಕೆಂಪಾಗಿ, ಬಿಸಿಯಾಗಿತ್ತು. ಕಾಲುಂಗುರ ಬೆರಳಲ್ಲಿ ಹೂತುಹೋಗಿತ್ತು. ಏನು ತಿಂದೆ, ಎಂದಿನಿಂದ ಎಂದು ಒಂದೊಂದೇ ಕೇಳಿ ಗುಳಿಗೆಯ ಕತೆ ಹೊರಗೆ ತೆಗೆದರು.

“ರಮಜಾನದಾಗ ನನ್ನ ತಂಗಿನೂ ನುಂಗಿದ್ಲು, ರೋಜಾ ಒಂದೂ ತಪ್ಪಬಾರ್ದು ಅಂತ,” ಎಂದರು ಅಖ್ತರ ಬೇಗಂ. “ಅಲ್ಲಾನೇ ಆ ದಿನಕ್ಕ ರಜಾ ಕೊಟ್ಟಾನ, ಇಕಿ ಅದನ್ನ ವಾಪಸ್ ಮಾಡ್ಲಿಕ್ಕೆ ಹೊಂಟಿದ್ಲು. ಆದ್ರೂ ಡಾಕ್ಟರಬಾಯಿ ಮುಂದ ಕುಂತು, ತೋರ್ಸಿ, ಕೇಳಿ ನುಂಗಿದ್ಲು. ನಿನ್ನ ಯಾರ್ ನೋಡ್ಯಾರ ಬೇಟಿ?”

ಯಾರೂ ನೋಡಿರಲಿಲ್ಲ. ಅಖ್ತರ ಬೇಗಂ ಬುರ್ಖಾ ಹಾಕಿಕೊಂಡವರೇ ಅವಳನ್ನು ಟಾಂಗಾದಲ್ಲಿ ದವಾಖಾನೆಗೆ ಕರೆದೊಯ್ದರು.

ಡಾಕ್ಟರಬಾಯಿ ಕಾಲು ನೋಡಿದರು, ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು, ಬಾಣಂತನದ ಕತೆ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಕೆಂಪೇರಿತು. ಗುಳಿಗೆ ವಿಷವಲ್ಲ, ಎಷ್ಟೋ ಹೆಂಗಸರಿಗೆ ನಾನೇ ಕೊಟ್ಟಿದ್ದೇನೆ, ಪರೀಕ್ಷೆ ಮಾಡಿ ಕೊಟ್ಟವರಿಗೆ ಮುಟ್ಟು ಮುಂದೆ ಹಾಕಿದರೂ ಬಹಳ ಮಂದಿಗೆ ತೊಂದರೆಯಿಲ್ಲ, ಎಂದರು. ಆದರೆ ಒಮ್ಮೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವಳಿಗೆ ಇದನ್ನು ಕೊಡಲೇಬಾರದು. ಈಗ ಮತ್ತೆ ಹಾಗೇ ಆಗಿದೆಯೆಂದು ಅನುಮಾನ. ಆ ಹೆಪ್ಪು ಎದ್ದು ಎದೆಗೆ ಹೋದರೆ ಜೀವಕ್ಕೇ ಕುತ್ತು. ಇಂದಿನಿಂದಲೇ ಗುಳಿಗೆ ಬಂದ್, ಕಾಲು ತಿಕ್ಕಬಾರದು, ಎತ್ತರದಲ್ಲಿಡಬೇಕು, ಈ ತಾಸಿನಲ್ಲೇ ಗುಲಬರ್ಗಾಕ್ಕೆ ಹೊರಡಬೇಕು.

ಗಂಡನನ್ನು ಜೊತೆಗೆ ಕರೆದುಕೊಳ್ಳಲು ಮನೆಗೆ ಮರಳುವ ದಾರಿಯುದ್ದಕ್ಕೂ ಲಲಿತಾಬಾಯಿಗೆ ಕಾಲಿಗಿಂತ ಮನಸ್ಸು ಹೆಚ್ಚು ಉರಿಯಿತು. ತನ್ನ ಕಾಲನ್ನು ನೋಡಿದವರು, ಮುಟ್ಟಿದವರು, ಕೇಳಿದವರು ಇಬ್ಬರೂ ಹೊರಗಿನವರು. ಮನೆಯವರು ಕೇಳಿದ್ದು ಒಂದೇ: ನುಂಗಿದೆಯಾ?

ಮನೆಗೆ ಬಂದರೆ ಪಡಸಾಲೆ ತುಂಬಿತ್ತು. ಮಡಿವಾಳಯ್ಯನವರು ಲೋಡಿಗೆ ಒರಗಿ ಕುಳಿತಿದ್ದರು, ಮುಂದೆ ಪಾದ ತೊಳೆಯಲು ಹಿತ್ತಾಳೆಯ ಪರಾತ, ತಂಬಿಗೆಯಲ್ಲಿ ನೀರು. ವಿಮಲಾಬಾಯಿ ಸೊಸೆಯ ಖಾಲಿ ಕೈ ನೋಡಿ, ಹೂ ಎಲ್ಲಿ ಎಂದರು. ಲಲಿತಾಬಾಯಿ ಗುಲಬರ್ಗಾದ ಮಾತು ಹೇಳಿದಳು. ವಿಮಲಾಬಾಯಿ ದನಿ ಇಳಿಸಿದರು.

“ಒಂದು ತಾಸಿನ ಮಾತು, ಪೂಜಿ ಮುಗಿಸಿ ಹೋಗು. ಇಷ್ಟು ದಿನ ತಡಕೊಂಡಾಕಿ ಒಂದು ತಾಸು ತಡಕೊಳ್ಳಂಗಿಲ್ಲೇನು? ಮಂದಿ ಕುಂತಾರ.”

ಬಸವಂತರಾಯ ತಾಯಿಯನ್ನೂ ಹೆಂಡತಿಯನ್ನೂ ನೋಡಿ, ಕಡೆಗೆ ನೆಲದ ಕಲ್ಲನ್ನು ನೋಡುತ್ತ ನಿಂತ.

ಲಲಿತಾಬಾಯಿ ಕಂಬ ಹಿಡಿದು ಅಯ್ಯನವರ ಎದುರಿಗೆ ನಿಂತು, ಒಂದು ಮಾತು ಕೇಳಲೇ ಎಂದಳು. ಅವರು ತಲೆಯಾಡಿಸಿದರು.

“ನಮ್ಮ ಧರ್ಮದಾಗ ಮುಟ್ಟಿನ ಸೂತಕ ಅದನ್ರಿ ಅಯ್ನೋರ?”

ಮಡಿವಾಳಯ್ಯನವರು ವಿಭೂತಿಯ ಹಣೆ ಸವರಿಕೊಂಡರು.

“ಇಲ್ಲ ತಂಗಿ. ಬಸವಣ್ಣನವರು ಐದೂ ಸೂತಕ ಬಿಡಿಸ್ಯಾರ. ಲಿಂಗ ಕಟ್ಟಿದವರಿಗಿ ಸೂತಕ ಇಲ್ಲ.”

“ಹಂಗಾರ ನಾ ಯಾರ ಸಲುವಾಗಿ ಗುಳಿಗಿ ನುಂಗ್ದೆ?”

“ನಾ ಹೇಳಿಲ್ಲವ್ವಾ. ಮಠದವರು ಯಾರೂ ಹೇಳಿಲ್ಲ. ಅದು ಮನಿ ಪದ್ಧತಿ.”

“ನುಂಗು ಅಂತ ಹೇಳಿಲ್ಲ, ಖರೇ ಅದ. ಬ್ಯಾಡ ಅಂತರ ಹೇಳೀರೇನ್ರಿ? ಇಷ್ಟು ಮನಿ ತಿರಗ್ತೀರಿ. ಒಂದೊಂದು ಮನ್ಯಾಗ ಒಬ್ಬಾಕಿ ಬಾಗಿಲ ಹಿಂದ ನಿಂತಿರ್ತಾಳ. ಯಾಕ ನಿಂತಾಳ ಅಂತ ಕೇಳೀರೇನ್ರಿ?” ಅವಳು ಸೆರಗಿನೊಳಗಿಂದ ಲಿಂಗದ ಕರಡಿಗೆಯನ್ನು ಹಿಡಿದು ತೋರಿಸಿದಳು. “ನನ್ನ ಕೊರಳಾಗಿನ ಲಿಂಗ ಆ ದಿನಾ ಎದ್ದು ಹೊರಗ ಹೋಗಂಗಿಲ್ಲ. ನಿಮ್ಮ ಪಾದ ಯಾಕ ಅಂಜಬೇಕ್ರಿ?”

ಅಯ್ಯನವರು ಪರಾತದ ಮುಂದೆ ಚಾಚಿದ್ದ ಪಾದಗಳನ್ನು ಮೆಲ್ಲಗೆ ಧೋತರದೊಳಗೆ ಎಳೆದುಕೊಂಡರು. ವಿಮಲಾಬಾಯಿ ಏನೋ ಹೇಳಹೊರಟರು. ಅಷ್ಟರಲ್ಲಿ ಹೊರಗಿನಿಂದ ಅಖ್ತರ ಬೇಗಂ ಕೂಗಿದರು.

“ಟಾಂಗಾ ನಿಂತದ ಬಸವಂತರಾಯ್. ಗಾಡಿ ಟೈಮ್ ಆಯ್ತು. ಕಾಲು ಮ್ಯಾಲಿಡ್ಲಿಕ್ಕೆ ಏನಾರ ತಗೊಂಬಾ.”

ಬಸವಂತರಾಯ ಸುತ್ತ ನೋಡಿದ. ಪಡಸಾಲೆಯಲ್ಲಿ ಲೋಡು ಇದ್ದದ್ದು ಒಂದೇ. ಅವನು ಬಗ್ಗಿ, ಅಯ್ಯನವರ ಬೆನ್ನ ಹಿಂದಿನಿಂದ ಅದನ್ನು ಎಳೆದುಕೊಂಡು, ಬಗಲಲ್ಲಿ ಇರುಕಿ, ಇನ್ನೊಂದು ಕೈಯಲ್ಲಿ ಹೆಂಡತಿಯ ರಟ್ಟೆ ಹಿಡಿದು ಹೊಸ್ತಿಲು ದಾಟಿಸಿದ.