ಮಂಚದ ಕಂಬಿಗೆ ಐದು ಏಟು

ಮೊದಲು ನಕ್ಕವಳು ನಾನೇ. ಮಧ್ಯಾಹ್ನದಿಂದ ಇದೊಂದು ಕೊರೆಯುತ್ತಲೇ ಇದೆ, ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ, ಅದಕ್ಕೇ ಡೈರಿಯಲ್ಲಿ ಬರೆಯುತ್ತಿದ್ದೇನೆ. ಉಳಿದವರೆಲ್ಲ ನಗಬಹುದೋ ಬಾರದೋ ಅಂತ ಪಕ್ಕದವರ ಮುಖ ನೋಡುತ್ತಿದ್ದಾಗ ಮೂರನೇ ಸಾಲಿನಿಂದ ಒಂದು ನಗು ಬುಳಕ್ಕನೆ ಹೊರಬಿತ್ತು. ನನ್ನದು. ತೀರಿಹೋದ ಅಮ್ಮನ ಮೇಲೆ ತೆಗೆದ ಸಿನಿಮಾ ನೋಡುತ್ತ.

ತೆಗೆದವನು ಅಣ್ಣ. ಅವನ ಮೊದಲ ಸಿನಿಮಾ. ಗ್ರಂಥಾಲಯದ ಮಹಡಿಯ ಸಭಾಂಗಣದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಪ್ರದರ್ಶನ. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಎಂಬತ್ತು ಜನ ಇದ್ದಿರಬಹುದು.

ಇಡೀ ಸಿನಿಮಾ ನಡೆಯುವುದು ಒಂದೇ ಕೋಣೆಯಲ್ಲಿ, ಕಪ್ಪು ಬಿಳುಪಿನಲ್ಲಿ. ಕ್ಯಾಮೆರಾ ಮಂಚದ ಎತ್ತರ ಬಿಟ್ಟು ಮೇಲೇಳುವುದೇ ಇಲ್ಲ. ಹಾಗಾಗಿ ರೋಗಿಯನ್ನು ನೋಡಲು ಬಂದವರ ಹೊಟ್ಟೆ, ಬೆಲ್ಟು, ಕೈಚೀಲಗಳಷ್ಟೇ ಕಾಣುತ್ತವೆ. ಹೊಟ್ಟೆಗಳೇ ಮಾತಾಡಿದ ಹಾಗಿರುತ್ತದೆ. ಲಕ್ವ ಹೊಡೆದು ಮಾತು ಹೋದ ತಾಯಿ ಎಡಗೈಯಲ್ಲಿ ಚಮಚ ಹಿಡಿದು ಮಂಚದ ಕಬ್ಬಿಣದ ಕಂಬಿಗೆ ಬಡಿಯುತ್ತಾಳೆ. ಒಂದು ಏಟಾದರೆ ನೀರು. ಎರಡಾದರೆ ಮಗ್ಗಲು ಬದಲಿಸು. ಮೂರಾದರೆ ಕಮೋಡ್ ಕುರ್ಚಿ. ಮಗ ಓಡೋಡಿ ಬಂದು ಎಲ್ಲ ಮಾಡುತ್ತಾನೆ. ಒಂದು ದಿನ ಸಂಬಂಧಿಕನೊಬ್ಬ ಬಂದು ಸೀದಾ ಆ ಕಮೋಡ್ ಕುರ್ಚಿಯ ಮೇಲೆಯೇ ಕೂರುತ್ತಾನೆ. ಸಾವು ಎಂಥ ದೊಡ್ಡ ಬಿಡುಗಡೆ ಅಂತ ಅರ್ಧ ಗಂಟೆ ಕೊರೆದು, ಏಳುವಾಗ, "ಕುರ್ಚಿ ಬಹಳ ಹಾಯಾಗಿದೆ, ಎಲ್ಲಿ ಮಾಡಿಸಿದ್ರಿ?" ಅನ್ನುತ್ತಾನೆ.

ನಾನು ನಕ್ಕದ್ದು ಅಲ್ಲಿ. ಯಾಕೆಂದರೆ ಅದು ನಮ್ಮ ಸೋದರಮಾವ, ಅಕ್ಷರಶಃ. ಅವತ್ತು ನನಗೆ ನಗಲು ಪುರಸೊತ್ತಿರಲಿಲ್ಲ. ಅಮ್ಮ ಮೂರು ಏಟು ಹೊಡೆಯುತ್ತಲೇ ಇದ್ದಳು, ಮಾವ ಏಳುತ್ತಲೇ ಇರಲಿಲ್ಲ.

ನಗು ಇಳಿಯುವ ಮೊದಲೇ ಮುಂದಿನ ದೃಶ್ಯ ಬಂತು. ಮಗ ತಾಯಿಯ ಮಗ್ಗಲು ಬದಲಿಸುತ್ತಾನೆ. ತೋಳು ಹಿಡಿದು ಎಳೆದ. ನನ್ನ ಕೈ ತಾನಾಗಿ ಮುಂದೆ ಚಾಚಿ ಎದುರಿನ ಸೀಟಿನವರ ಬೆನ್ನಿಗೆ ತಗುಲಿತು. ಸ್ವಾಧೀನವಿಲ್ಲದ ಕೈಯನ್ನು ಯಾರಾದರೂ ಹಾಗೆ ಎಳೆಯುತ್ತಾರೆಯೇ, ಭುಜದ ಕೀಲು ತಪ್ಪಿಹೋಗುತ್ತದೆ. ಮೊದಲು ಮಂಡಿ ಮಡಿಸಬೇಕು. ಒಂದು ಕೈ ಸೊಂಟಕ್ಕೆ, ಇನ್ನೊಂದು ಭುಜದ ಹಿಂದಕ್ಕೆ ಕೊಟ್ಟು, ಅವಳು ಉಸಿರು ಬಿಡುವಾಗ ಮೆಲ್ಲಗೆ ಉರುಳಿಸಬೇಕು. ಎರಡು ಗಂಟೆಗೊಮ್ಮೆ, ಇಪ್ಪತ್ತಾರು ತಿಂಗಳು. ಅಷ್ಟನ್ನೂ ಮಾಡಿದವಳು, ಡಿಗ್ರಿ ಮುಗಿಸಿ, ಮುಂದೆ ಓದಲು ಸಿಕ್ಕ ಸೀಟು ಬಿಟ್ಟು ಮನೆಯಲ್ಲಿ ಕೂತ ನಾನು. ಅಣ್ಣ ಬಂದದ್ದು ನಾಲ್ಕು ಸಲ.

ಅಮ್ಮ ತೀರಿಕೊಂಡು ತಿಂಗಳಾದ ಮೇಲೆ ಫೋನ್ ಮಾಡಿದ್ದ. "ಗುಮ್ಮಿ, ಆ ಚಮಚದ ವಿಷಯ ಎಲ್ಲ ಬರ್ದಿಟ್ಟಿದ್ದೀಯಲ್ಲ, ಫೋಟೋ ತೆಗ್ದು ಕಳ್ಸೇ. ಅಮ್ಮನ ನೆನಪಿಗೆ ಇಟ್ಕೋತೀನಿ."

ಗುಮ್ಮನಗುಸುಕಿ ಅಂತ ನನ್ನನ್ನು ಚಿಕ್ಕಂದಿನಲ್ಲೇ ಕರೆದು, ಆಮೇಲೆ ಮುದ್ದಿಗೆ ಗುಮ್ಮಿ ಮಾಡಿಕೊಂಡವನು. ಡೈರಿಯ ಹನ್ನೊಂದು ಪುಟ ಕಳಿಸಿದೆ. ಇವತ್ತು ನೋಡಿದರೆ ಮಾವ, ಕುರ್ಚಿ, ನೋಡಲು ಬಂದು ನಮ್ಮ ಟೀವಿ ಕೆಟ್ಟಿದೆ ಅಂತ ಬೇಸರ ಮಾಡಿಕೊಂಡ ಪಕ್ಕದ ಮನೆಯಾಕೆ, ಎಲ್ಲರೂ ಪರದೆಯ ಮೇಲಿದ್ದಾರೆ. ಬೆಕ್ಕು ಕೂಡ ಇದೆ. ಮಗಳು ಅನ್ನುವವಳು ಮಾತ್ರ ಆ ಮನೆಯಲ್ಲಿ ಹುಟ್ಟಿಯೇ ಇಲ್ಲ.

ಕೊನೆಯ ದೃಶ್ಯದಲ್ಲಿ ಮಗ ಔಷಧಿ ತಂದು ಬಾಗಿಲಲ್ಲಿ ನಿಲ್ಲುತ್ತಾನೆ. ತಾಯಿ ಅವನನ್ನೇ ನೋಡುತ್ತ ಐದು ಏಟು ಹೊಡೆಯುತ್ತಾಳೆ. ನೀನು ಬಂದೆಯಲ್ಲ, ಅಷ್ಟೇ ಸಾಕು ಅಂತ ಅದರ ಅರ್ಥ. ಅಷ್ಟು ಹೊತ್ತು ನಕ್ಕ ಜನ ಮೂಗು ಒರೆಸಿಕೊಳ್ಳಲು ಶುರುಮಾಡಿದರು.

ನನ್ನ ಮೈ ಉರಿದುಹೋಯಿತು. ಐದು ಏಟು ಅಂದರೆ 'ಇವರನ್ನು ಹೊರಗೆ ಕಳಿಸು'. ಅಣ್ಣ ಮೂರನೇ ಸಲ ಬಂದು, ಮಂಚದ ಪಕ್ಕ ನಿಂತು ಫೋನಿನಲ್ಲಿ ಯಾರಿಗೋ ಕಥೆ ಹೇಳುತ್ತಿದ್ದಾಗ ಅಮ್ಮ ಅವನ ಮುಖ ನೋಡಿಕೊಂಡೇ ಐದು ಹೊಡೆದಿದ್ದಳು. "ಏನಂತೆ?" ಅಂದ. "ನೀನು ಬಂದದ್ದು ಖುಷಿಯಂತೆ," ಅಂದೆ. ಪುಟದ ಫೋಟೋ ತೆಗೆಯುವಾಗ ಕೂಡ ಐದು ಏಟಿನ ಅರ್ಥ ಬರೆದ ಸಾಲಿನ ಮೇಲೆ ಬೆರಳಿಟ್ಟು ಮುಚ್ಚಿದ್ದೆ. ನನ್ನ ಹೇಡಿತನದ ಸುಳ್ಳು ಅವನ ಸಿನಿಮಾದ ಮುಕುಟವಾಗಿತ್ತು. ಯಾರ ಮೇಲೆ ಹೆಚ್ಚು ಸಿಟ್ಟು ಬಂತೋ ಹೇಳಲಾರೆ. ಕೃತಜ್ಞತೆಯ ಪಟ್ಟಿಯಲ್ಲಿ, ಟೀ ತಂದುಕೊಟ್ಟವನಿಗೂ ಜನರೇಟರ್ ಗಾಡಿಯವನಿಗೂ ನಡುವೆ ನನ್ನ ಹೆಸರು ಹಾದುಹೋಯಿತು.

ದೀಪ ಹಾಕಿದರು. ಅಣ್ಣ ಮೈಕ್ ಹಿಡಿದು ವೇದಿಕೆಯಲ್ಲಿ ನಿಂತ. ಮುಂದಿನ ಸಾಲಿನಿಂದ ನಿವೃತ್ತ ನರ್ಸ್ ಒಬ್ಬರು ಎದ್ದರು. "ನಲವತ್ತು ವರ್ಷದ ಕೆಲಸದಲ್ಲಿ ಗಂಡುಮಕ್ಕಳು ಹೀಗೆ ಸೇವೆ ಮಾಡಿದ್ದು ನಾನು ನೋಡಿಲ್ಲಪ್ಪ. ಇದು ನಿಮ್ಮ ಮನೇದೇ ಕಥೆ ಅಂದ್ರಿ. ಎರಡು ವರ್ಷ ಹೇಗೆ ಮಾಡಿದ್ರಿ?"

ಅಣ್ಣ ತಲೆ ತಗ್ಗಿಸಿದ. "ಏನ್ ಮಾಡೋದಮ್ಮ, ಹೆತ್ತ ತಾಯಿ ಅಲ್ವಾ. ಮಾಡ್ತಾ ಮಾಡ್ತಾ ಅಭ್ಯಾಸ ಆಗೋಯ್ತು."

ಚಪ್ಪಾಳೆ. ಅದು ನಿಲ್ಲುವುದರೊಳಗೆ ನನ್ನತ್ತ ಕೈ ತೋರಿಸಿದ. "ಅಲ್ಲಿದ್ದಾಳೆ ನೋಡಿ ನನ್ನ ತಂಗಿ. ಬಾಯಿಗೆ ಬೀಗ ಹಾಕ್ಕೊಂಡೇ ಹುಟ್ಟಿದವಳು. ಇವತ್ತು ಎರಡು ಮಾತಾಡಿಸೋಣ. ಮಾತಾಡೇ ಗುಮ್ಮಿ."

ಮೈಕ್ ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂತು. ಪಕ್ಕದಲ್ಲಿದ್ದ ಚಿಕ್ಕಮ್ಮ ಸೆರಗಿನ ಮರೆಯಲ್ಲಿ ನನ್ನ ಮೊಣಕೈ ಹಿಂಡಿದಳು. "ಚೆನ್ನಾಗಿದೆ ಅಂದು ಕೂತ್ಕೋ. ಮನೆ ಮಾತು ಬೀದಿಗೆ ತರಬೇಡ."

ಆಗಲೇ ಬೀದಿಗೆ ತಂದು, ಟಿಕೆಟ್ ಕೊಟ್ಟು ತೋರಿಸಿದ್ದಾಯಿತಲ್ಲ ಚಿಕ್ಕಮ್ಮ ಅನ್ನಬೇಕೆನಿಸಿತು. ಎದ್ದು ನಿಂತೆ. ಐದು ಏಟಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಅದೊಂದನ್ನು ಆಡಿಬಿಟ್ಟರೆ ಸಾಕು, ಅಷ್ಟು ಜನರೆದುರು ಅಣ್ಣನಿಗೆ ಅಮ್ಮನೇ ಇಲ್ಲದಂತೆ ಆಗುತ್ತಿತ್ತು. ಅವನು ಹಲ್ಲು ಬಿಟ್ಟುಕೊಂಡು ಕಾಯುತ್ತಿದ್ದ, ನಾನು ತಡವರಿಸುವುದನ್ನೂ ಜನ ನಗುವುದನ್ನೂ. ಆ ಮಾತನ್ನು ನುಂಗಿದೆ. ಅಮ್ಮನ ಸಿಟ್ಟು ಅಮ್ಮನದೇ ಇರಲಿ. ನನಗೆ ಬೇಕಾದದ್ದು ನನ್ನ ಇಪ್ಪತ್ತಾರು ತಿಂಗಳು.

ಅವನ ಕಡೆ ನೋಡಲಿಲ್ಲ. ಇನ್ನೂ ನಿಂತೇ ಇದ್ದ ಆ ನರ್ಸಮ್ಮನ ಕಡೆ ತಿರುಗಿದೆ. ಮೈಕ್ ಕಿರ್ ಅಂತು, ಸ್ವಲ್ಪ ದೂರ ಹಿಡಿದುಕೊಂಡೆ.

"ಆ ಮಗ ನಾನು," ಅಂದೆ.