ಮೂವತ್ತು ಫೂಟು

ಖಣಿಯ ದಂಡೆಗೂ ಅಂಜನಾಳ ಮನೆಯ ಹಿಂಗೋಡೆಗೂ ನಡುವೆ ಹದಿನೆಂಟು ಫೂಟು ಜಾಗ ಉಳಿದಿತ್ತು. ಅವಳು ಮದುವೆಯಾಗಿ ಬಂದ ವರ್ಷ ಇಪ್ಪತ್ತೈದು ಇತ್ತು. ಅಲ್ಲಿ ಗೂಟ ಹುಗಿದು, ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಳು. ಆಮೇಲೆ ಒಂದೊಂದು ಮಳೆಗಾಲವೂ ಇಷ್ಟಿಷ್ಟೇ ನುಂಗಿತು.

ಶರಣಸಿರಸಗಿ ಕಡೆಯ ಹೊಸ ಲೇಔಟುಗಳಿಗೆ ರಸ್ತೆ ಹಾಕಲು ಇಲ್ಲಿನ ಮುರುಮು ಹೋಗಿತ್ತು. ಮೊದಲು ದಿಬ್ಬದ ಕೆಂಪು ಗರಸು ಮಣ್ಣು ತೆಗೆದರು, ದಿಬ್ಬ ತೀರಿದ ಮೇಲೆ ಅದರ ಕೆಳಗಿನದನ್ನೂ ತೆಗೆದರು. ಉಳಿದ ಗುಂಡಿಯ ಸುತ್ತ, ಯಾರಿಗೂ ಬೇಡವಾದ ನೆಲದ ಮೇಲೆ, ನಲವತ್ತು ತಗಡಿನ ಮನೆಗಳು ಎದ್ದವು. ಆ ಗುಂಡಿ ತೋಡಿದವರಲ್ಲಿ ಅಂಜನಾಳ ಗಂಡ ಸೂರ್ಯಕಾಂತನೂ ಒಬ್ಬ. ಜೆಸಿಬಿ ನಡೆಸುತ್ತಿದ್ದ. ಇಲ್ಲಿ ಮಣ್ಣು ಮುಗಿದಾಗ ಮಾಲೀಕ ಗುರುಪ್ರಸಾದ ಕಮಲಾಪುರದ ಹತ್ತಿರ ಇನ್ನೊಂದು ಖಣಿ ಹಿಡಿದ. ಸೂರ್ಯಕಾಂತ ಸೋಮವಾರ ಅಲ್ಲಿಗೆ ಹೋದರೆ ಶನಿವಾರ ಬರುತ್ತಿದ್ದ.

ಆಗಸ್ಟಿನಲ್ಲಿ ಸರ್ವೆಯವರು ಬಂದು ಹೇಳಿ ಹೋದರು. ದಂಡೆಯಿಂದ ಮೂವತ್ತು ಫೂಟು ದೂರ ಇರುವ ಮನೆಗಳ ಬಾಗಿಲಿಗೆ ಮಾತ್ರ ನಂಬರು ಬೀಳುತ್ತದೆ. ನಂಬರು ಬಿದ್ದವರಿಗೆ ಹಕ್ಕುಪತ್ರ. ಅದಕ್ಕಿಂತ ಹತ್ತಿರದ್ದು ಅಪಾಯದ ಮನೆ, ಅದನ್ನು ಕೆಡವುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಅಳತೆಗೆ ಬರುತ್ತಾರೆ.

“ಕೆಡವಿದ ಮ್ಯಾಲ ನಾವೆಲ್ಲಿ ಹೋಗಬೇಕ್ರಿ?” ಎಂದು ಅಂಜನಾ ಕೇಳಿದಳು.

“ಅದು ಬ್ಯಾರೆ ಇಲಾಖೆ ನೋಡ್ತದಮ್ಮ,” ಎಂದು ಸರ್ವೆಯವನೊಬ್ಬ ಟೇಪು ಸುತ್ತಿಕೊಂಡ.

ಮನೆಯನ್ನು ಮುಂದೆ ಸರಿಸಲು ಬರುವಂತಿರಲಿಲ್ಲ. ಮುಂದೆ ಓಣಿ, ಓಣಿಯಾಚೆ ಇನ್ನೊಬ್ಬರ ಗೋಡೆ. ಹಾಗಾಗಿ ಜನ ದಂಡೆಯನ್ನೇ ಸರಿಸಲು ನಿಂತರು. ಒಡೆದ ಇಟ್ಟಂಗಿ, ಹಳೇ ಗಿಲಾವಿನ ತುಂಡು, ಬೂದಿ, ಸಿಕ್ಕಿದ್ದನ್ನೆಲ್ಲ ಹಿತ್ತಲಿನಿಂದ ಖಣಿಗೆ ಸುರಿದರು. ಮೇಲೆ ಎರೆಮಣ್ಣು ಹಾಕಿ, ದಮ್ಮಸು ಬಡಿದು ಗಟ್ಟಿ ಮಾಡಿದರು. ದಂಡೆ ಅಷ್ಟು ದೂರ ಹೋಯಿತೆಂದು ಎಣಿಸಿದರು.

ಪಕ್ಕದ ಮನೆಯ ನಬಿಸಾಬ್ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವರು. ಅವರಿಗೆ ಇದು ಸರಿಬರಲಿಲ್ಲ.

“ತೆಳಗ ಬುಡ ಇಲ್ಲ, ಇವರು ಮ್ಯಾಲ ಭಾರ ಹೇರಾಕತ್ತಾರ. ಎರಿ ಮಣ್ಣು ನೀರು ಕುಡೀತಂದ್ರ ಸಾಬೂನ ಆಗ್ತದ. ಇದು ನಿಲ್ಲೂದಿಲ್ಲ.”

ಎರಡು ದಿನ ಬಿಟ್ಟು ನೋಡಿದರೆ ಅವರ ಹಿತ್ತಲಲ್ಲೂ ಎರಡು ಗಾಡಿ ಒಡೆದ ಇಟ್ಟಂಗಿ ಬಿದ್ದಿತ್ತು.

“ಏನ್ ಕಾಕಾ, ನಿಲ್ಲೂದಿಲ್ಲ ಅಂದಿದ್ರಿ?”

“ಕಾಯಂ ನಿಲ್ಲೂದು ಯಾರಿಗೆ ಬೇಕು ಬೇಟಿ. ಟೇಪ್ ಹಿಡಿದವ ಹೋಗೂತನಕ ನಿಂತ್ರ ಸಾಕು.”

ಅಂಜನಾ ಬುಟ್ಟಿ ಹೊತ್ತು ಹೊತ್ತು ಹದಿನೆಂಟನ್ನು ಇಪ್ಪತ್ತಮೂರಕ್ಕೆ ತಂದಳು. ಅದಕ್ಕಿಂತ ಮುಂದೆ ಬುಟ್ಟಿಯಿಂದ ಆಗುವಂತಿರಲಿಲ್ಲ. ದಿನಾ ಸಂಜೆ ಗಂಡನಿಗೆ ಫೋನು ಹಚ್ಚಿದಳು.

“ಊರ ಮಂದಿಗೆಲ್ಲ ಮಣ್ಣು ತುಂಬಿ ಕಳಸ್ತೀರಿ. ನಿಮ್ಮ ಮನಿಗೆ ಒಂದು ಗಾಡಿ ಇಲ್ಲ.”

“ಖಣಿ ನಮ್ಮಪ್ಪಂದೇನು?”

“ಅಲ್ಲ. ಅದಕ್ಕ ಮಾಲಕಗ ಕೇಳ್ರಿ ಅನ್ನಾಕತ್ತೀನಿ.”

“ಮಳಿ ಬಿಡ್ಲಿ. ಹಸಿ ನೆಲದ ಮ್ಯಾಲ ಟಿಪ್ಪರ್ ಹತ್ತಸಬಾರದು.”

“ಮಳಿ ಬಿಡೂತನಕ ಅಳತಿ ನಿಲ್ತದೇನು?”

ಹನ್ನೆರಡು ದಿನ ಇದೇ ಮಾತು. ಹದಿಮೂರನೆಯ ದಿನ ಅವನು ಕೇಳಿದ. ಗುರುಪ್ರಸಾದ ಹೂಂ ಅಂದ. ಶುಕ್ರವಾರ ನಾಲ್ಕು ಟಿಪ್ಪರ್ ಕಮಲಾಪುರದ ಮಣ್ಣು ಹಿತ್ತಲಿಗೆ ಬಂದು ಬಿತ್ತು. ಮೂರು ದಿನದಿಂದ ಮಳೆ ಹಿಡಿದೇ ಇತ್ತು. ಶನಿವಾರ ಬೆಳಿಗ್ಗೆಯೇ ಸೂರ್ಯಕಾಂತ ಬಂದು, ಮಣ್ಣು ಹರವಿ, ದಮ್ಮಸು ಹಿಡಿದ. ಹತ್ತು ಗಂಟೆಯ ಹೊತ್ತಿಗೆ ಮಳೆ ನಿಂತಿತು. ಟೇಪಿನ ತುದಿ ಅಂಜನಾಳ ಕೈಗೆ ಕೊಟ್ಟು ಗೋಡೆಗೆ ಒತ್ತಿ ಹಿಡಿ ಎಂದ. ತಾನು ಡಬ್ಬಿ ಹಿಡಿದು ದಂಡೆಗೆ ನಡೆದ.

“ಇಪ್ಪತ್ತೊಂಬತ್ತು,” ಎಂದ. “ಸಾಕಲ್ಲ?”

“ಮೂವತ್ತು ಅಂದಾರ.”

“ಒಂದು ಫೂಟಿಗೆ ಅವರೇನು ಜೀವಾ ತಿಂತಾರ?”

“ತಿಂತಾರ. ನಿಮಗ ಗೊತ್ತಿಲ್ಲ. ಇನ್ನೊಂದೀಟು ಮುಂದ ಹೋಗಿ ಬಡೀರಿ.”

ಅವನು ನಕ್ಕ. ಟೇಪು ಬಿಡದೆ, ಇನ್ನೊಂದು ಕೈಯಲ್ಲಿ ದಮ್ಮಸು ಎತ್ತಿಕೊಂಡು ಮುಂದೆ ಹೆಜ್ಜೆ ಇಟ್ಟ. ದೊಡ್ಡ ಸದ್ದೇನೂ ಆಗಲಿಲ್ಲ. ಜೋಳದ ಚೀಲ ಇಳಿಸಿದಷ್ಟು. ಟೇಪು ಅಂಜನಾಳ ಕೈಯಿಂದ ಜಗ್ಗಿಕೊಂಡು ಹೋಯಿತು, ಬೆರಳ ಸಂದಿ ಕೊಯ್ದಿತು. ಅವಳು ತಲೆ ಎತ್ತಿದಾಗ ಹಿತ್ತಲು ಇರಲಿಲ್ಲ.

ಅವನನ್ನು ತೆಗೆಯುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು. ಬುಟ್ಟಿಯಲ್ಲೇ ತೋಡಿದರು. ಯಂತ್ರ ಇಳಿಸಲು ಗಟ್ಟಿ ನೆಲವಿರಲಿಲ್ಲ.

ಮನೆ ಬೀಳಲಿಲ್ಲ. ಹಿಂಗೋಡೆಯಿಂದ ದಂಡೆಗೆ ಈಗ ಹನ್ನೊಂದು ಫೂಟು. ಬಂದವರು ಅವನ ಆಯುಷ್ಯ ಅಷ್ಟೇ ಇತ್ತು ಅಂದರು. ನಬಿಸಾಬ್ ಬಾಗಿಲ ಬಳಿ ಬಂದು ಕೂತು ಎದ್ದು ಹೋದರು. ಸರ್ವೆಯವರು ಓಣಿಯ ಕಂಬಕ್ಕೆ ಕಾಗದ ಅಂಟಿಸಿದರು: ಅವಘಡದ ಕಾರಣ ಅಳತೆಯನ್ನು ಮುಂದೂಡಲಾಗಿದೆ. ಕೆಳಗೆ ಹೊಸ ತಾರೀಖು ಇತ್ತು. ಮೂವತ್ತು ಫೂಟು ಹಾಗೆಯೇ ಇತ್ತು.

ಹದಿನಾಲ್ಕನೆಯ ದಿನ ಅಂಜನಾ ಮಗಳನ್ನು ನಬಿಸಾಬರ ಮನೆಯಲ್ಲಿ ಬಿಟ್ಟು ಕಮಲಾಪುರದ ಬಸ್ಸು ಹತ್ತಿದಳು. ಬಸ್ಸಿಳಿದು ಎರಡು ಮೈಲು ನಡೆದಳು. ಖಣಿಯ ಮೇಲಂಚಿನಲ್ಲಿ ಬಾಳೆಯ ತೋಟವೊಂದು ಅರ್ಧ ಉಳಿದಿತ್ತು. ಕೊನೆಯ ಸಾಲಿನ ಗಿಡಗಳ ಬೇರುಗಳು ಗಾಳಿಯಲ್ಲಿ ಜೋತುಬಿದ್ದಿದ್ದವು. ತಗಡಿನ ನೆರಳಲ್ಲಿ ಕೂತಿದ್ದ ಗುರುಪ್ರಸಾದ ಅವಳನ್ನು ಕಂಡು ಎದ್ದು ನಿಂತ.

“ತಂಗಿ, ಕೆಟ್ಟದ್ದಾತು. ಆದ್ರ ನೋಡವ್ವ, ಅವ ಆವತ್ತು ನಮ್ಮ ಕೆಲಸದ ಮ್ಯಾಲ ಇರ್ಲಿಲ್ಲ. ಕಾಯ್ದೆ ಪ್ರಕಾರ ನಂದು—”

“ಅದಕ್ಕ ಬಂದಿಲ್ರಿ ಅಣ್ಣಾರ.”

“ಮತ್ತ?”

“ಎಂಟು ಗಾಡಿ ಮುರುಮು ಬೇಕ್ರಿ.”

ಗುರುಪ್ರಸಾದ ಅವಳ ಮುಖ ನೋಡಿದ. “ಅದೇ ಜಾಗಕ್ಕ?”

“ಹೂಂ ರೀ. ಸೋಮವಾರ ಅಳತಿ ಅದ.”

“ಬಡಿಯವ್ರು ಯಾರು?”

“ನಾನೇ ಬಡೀತೀನ್ರಿ.”

ಗುರುಪ್ರಸಾದನ ಹೆಗಲು ಸಡಿಲವಾದದ್ದು ಅಂಜನಾಳಿಗೆ ಕಾಣಿಸಿತು. ಅವಳು ಕೇಳಿದ್ದು ಪರಿಹಾರವಲ್ಲ, ಬರೀ ಮಣ್ಣು. ತಿರುಗಿ ಟಿಪ್ಪರಿನವನನ್ನು ಕೂಗಿದ: “ಏ ಯಶವಂತ, ಎಂಟು ಗಾಡಿ, ಸೂರ್ಯಕಾಂತನ ಮನಿಗೆ. ಮೊದಲನೇದು ಈಗ ಬಿಡು. ಅಕ್ಕಾವ್ರನ್ನ ಮುಂದ ಕೂಡಸ್ಕೊ.”

ತಳದಲ್ಲಿ ಹೊಸಬನೊಬ್ಬ ಸೂರ್ಯಕಾಂತನ ಜೆಸಿಬಿಯ ಮೇಲೆ ಕೂತಿದ್ದ. ಬಕೆಟ್ಟು ಮೇಲೆದ್ದು ಬಾಳೆಯ ಬುಡಕ್ಕೆ ನಾಟಿತು. ಅಂಜನಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಟಿಪ್ಪರಿನ ಮೆಟ್ಟಿಲು ಹತ್ತಿದಳು.