ಬಿಡಿ ಮೇಷ್ಟ್ರು

ಆ ಶಾಲೆಯ ಮಕ್ಕಳು ತಮ್ಮ ಹೆಡ್‌ಮೇಷ್ಟ್ರಿಗೆ ಬಿಡಿ ಮೇಷ್ಟ್ರು ಅಂತ ಅಡ್ಡಹೆಸರು ಇಟ್ಟಿದ್ದರು. ಇಟ್ಟದ್ದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಯಾರ ಕೈಯಲ್ಲಿ ಯಾವ ಕೆಲಸ ಕಂಡರೂ ಆ ಮಹಾನುಭಾವರ ಬಾಯಿಂದ ಮೊದಲು ಉದುರುತ್ತಿದ್ದ ಮಾತು ಒಂದೇ: "ಬಿಡಿ, ನಾನು ಮಾಡ್ತೀನಿ." ಆಯಾ ಪೊರಕೆ ಹಿಡಿದರೆ ಬಿಡಿ. ಡ್ರಾಯಿಂಗ್ ಟೀಚರ್ ಏಣಿ ಹತ್ತಿ ಚಿತ್ರ ತೂಗುಹಾಕಲು ಹೋದರೆ ಬಿಡಿ. ಆಟದ ಮೇಷ್ಟ್ರು ಚೆಂಡಿಗೆ ಗಾಳಿ ತುಂಬುತ್ತಿದ್ದರೂ ಬಿಡಿ. ಹೆಡ್‌ಮೇಷ್ಟ್ರು ಅಂದರೆ ಕುರ್ಚಿಯಲ್ಲಿ ಕೂತು ಹುಕುಂ ಕೊಡುವವರು ಅಂತ ತಿಳಿದು ಬಂದ ಹೊಸ ಪೋಷಕರು, ಶೌಚಾಲಯದ ಮುಂದೆ ಪ್ಯಾಂಟು ಮಡಚಿಕೊಂಡು ಬಕೆಟ್ ಹಿಡಿದು ನಿಂತವರನ್ನೇ "ಹೆಡ್‌ಮೇಷ್ಟ್ರು ಎಲ್ಲಪ್ಪ?" ಅಂತ ಕೇಳಿದ್ದುಂಟು. ಆಗ ಮೇಷ್ಟ್ರಿಗಾಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ.

ಸಂತೋಷಕ್ಕೆ ಕಾರಣವಿತ್ತು. ಮೇಷ್ಟ್ರು ದೈವಭಕ್ತರು. ಯೇಸುಸ್ವಾಮಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿಕೊಂಡು, ಶಿಷ್ಯರ ಧೂಳು ಹಿಡಿದ ಕಾಲು ತೊಳೆದ ಕಥೆಯನ್ನು ಚಿಕ್ಕಂದಿನಲ್ಲಿ ಕೇಳಿ ಅವರು ಬಿಕ್ಕಿ ಬಿಕ್ಕಿ ಅತ್ತಿದ್ದರಂತೆ. ದೊಡ್ಡವನೆನಿಸಿಕೊಳ್ಳುವವನು ಮೊದಲು ಆಳಾಗಬೇಕು ಎಂಬುದು ಅಂದೇ ಅವರ ಎದೆಗೆ ಇಳಿದುಬಿಟ್ಟಿತ್ತು. ಚರ್ಚ್ ನಡೆಸುತ್ತಿದ್ದ ಆ ಪುಟ್ಟ ಶಾಲೆಗೆ ಬಂದ ಮೇಲೆ ಅದನ್ನೇ ಬದುಕಿದರು. ನಾಟಕ ಅಂತ ಯಾರಾದರೂ ಅಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ, ಮನುಷ್ಯ ಅಪ್ಪಟ. ಆದರೆ ಒಳ್ಳೆಯತನಕ್ಕೂ ಕಣ್ಣು ಬೇಕಲ್ಲ ಸ್ವಾಮಿ! ಅದು ತಮಗೆ ಇರಲಿಲ್ಲ ಅಂತ ಅವರಿಗೆ ತಿಳಿದದ್ದು ನಿವೃತ್ತಿಯ ವರ್ಷದಲ್ಲಿ.

ಶಾಲೆಯ ಆಡಳಿತ ಮಂಡಳಿಗೆ ಪಾದ್ರಿಗಳೇ ಅಧ್ಯಕ್ಷರು. ಒಂದು ಬೆಳಿಗ್ಗೆ ಅವರು ಬಂದು, ಮೇಷ್ಟ್ರು ತಾವೇ ಒರೆಸಿ ಹಾಕಿದ ಕುರ್ಚಿಯಲ್ಲಿ ಕೂತು, ವಿಷಯ ಎತ್ತಿದರು.

"ನೋಡಿ ಮೇಷ್ಟ್ರೇ, ನಿಮ್ಮ ನಂತರ ಯಾರು ಅನ್ನೋದು ಮಂಡಳಿಗೆ ತಲೆನೋವಾಗಿದೆ. ಹೊರಗಿನವರು ಈ ಸಣ್ಣ ಶಾಲೆಗೆ ಬರಲ್ಲ. ಒಳಗಿನವರೇ ಯಾರಾದ್ರೂ ಮುಂದೆ ಬಂದ್ರೆ ಶಾಲೆ ಉಳಿಯುತ್ತೆ. ಇಲ್ಲಾಂದ್ರೆ ಮಕ್ಕಳನ್ನೆಲ್ಲ ಪೇಟೆಯ ದೊಡ್ಡ ಶಾಲೆಗೆ ಸೇರಿಸಿ ಇದಕ್ಕೆ ಬೀಗ ಹಾಕೋದೇ."

"ಅಯ್ಯೋ, ಬೀಗ ಯಾಕೆ ಫಾದರ್? ನಮ್ಮ ವಿಜ್ಞಾನದ ಟೀಚರ್ ಇಲ್ವಾ! ಚಿನ್ನದಂಥ ಹುಡುಗಿ. ನನ್ನ ಕೈಯಲ್ಲೇ ಓದಿದವಳು."

"ಒಪ್ಕೋತಾಳಾ?"

"ಒಪ್ಪದೆ ಏನು? ಬಿಡಿ, ನಾನು ಮಾತಾಡ್ತೀನಿ."

ವಿಜ್ಞಾನದ ಟೀಚರ್ ಅಂದರೆ ಮೇಷ್ಟ್ರಿಗೆ ಮಗಳಿದ್ದ ಹಾಗೆ. ತೆಳ್ಳಗೆ, ಮಾತು ಕಡಿಮೆ. ಹುಡುಗಿಯಾಗಿದ್ದಾಗ ಬಾಯಿ ಮುಚ್ಚುತ್ತಲೇ ಇರಲಿಲ್ಲ, ಪ್ರಶ್ನೆ ಕೇಳಿ ಕೇಳಿ ಮೇಷ್ಟ್ರ ಜೀವ ಹಿಂಡುತ್ತಿದ್ದಳು. ಟೀಚರಾಗಿ ಬಂದ ಹೊಸದರಲ್ಲೂ ಹಾಗೇ ಇದ್ದಳು. ಆಮೇಲೆ ಯಾಕೋ ಮೆತ್ತಗಾದಳು. ವಯಸ್ಸು, ಸಂಸಾರ ಅಂತ ಮೇಷ್ಟ್ರು ಅಂದುಕೊಂಡಿದ್ದರು.

ಅವರು ಪ್ರಯೋಗಾಲಯದ ಬಾಗಿಲಿಗೆ ಹೋದಾಗ ಅವಳು ಕಪ್ಪುಹಲಗೆಯ ಮೇಲೆ ಬರ್ನರಿನ ಚಿತ್ರ ಬಿಡಿಸುತ್ತಿದ್ದಳು. ನಿಜವಾದ ಬರ್ನರು ಅಲ್ಲೇ ಗಾಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತ್ತು. ಮಕ್ಕಳು ಹೊರಟ ಮೇಲೆ ಮೇಷ್ಟ್ರು ನಗುನಗುತ್ತಾ ವಿಷಯ ಹೇಳಿದರು. ಹೇಳುವಾಗಲೇ ಕೈ ಡಸ್ಟರಿಗೆ ಹೋಗಿ ಅವಳ ಹಲಗೆ ಒರೆಸಲು ಶುರುಮಾಡಿತ್ತು.

"ನನ್ನಿಂದ ಆಗಲ್ಲ ಸಾರ್," ಅಂದಳು.

"ಏನಮ್ಮಾ ಹೀಗಂತೀಯ! ನಿನ್ನಷ್ಟು ಬುದ್ಧಿ ಇಲ್ಲಿ ಯಾರಿಗಿದೆ?"

"ಬುದ್ಧಿ ಇಟ್ಕೊಂಡು ಏನ್ ಮಾಡ್ಲಿ? ಒಂದು ದಿನ ಪ್ರಾರ್ಥನೆ ಗಂಟೆ ಹೊಡೆದು ಗೊತ್ತಿಲ್ಲ. ಒಂದು ಮಗುವಿನ ತಂದೆ ಜೊತೆ ಕೂತು ಮಾತಾಡಿ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಒಂದು ಜವಾಬ್ದಾರಿ ನನ್ನ ಕೈಗೆ ಬಂದು ಉಳಿದದ್ದಿಲ್ಲ. ಈಗ ಇದ್ದಕ್ಕಿದ್ದ ಹಾಗೆ ಶಾಲೆನೇ ತಗೋ ಅಂದ್ರೆ?"

"ನಿಮಗೆಲ್ಲ ಭಾರ ಆಗ್ಬಾರದು ಅಂತ..."

"ಗೊತ್ತು ಸಾರ್. ನಿಮ್ಮ ಮನಸ್ಸು ಕೆಟ್ಟದ್ದು ಅಂತ ಹೇಳಿದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ." ಅವಳು ಡಸ್ಟರನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮೇಜಿನ ಮೇಲಿಟ್ಟಳು. "ಕೈ ಸುಟ್ಕೊಂಡ ಹುಡುಗಿ ನೆನಪಿದಾಳಾ?"

ನೆನಪಿಲ್ಲದೆ ಏನು! ಅದು ಮೇಷ್ಟ್ರ ಅಚ್ಚುಮೆಚ್ಚಿನ ಘಟನೆ. ಒಬ್ಬ ಹುಡುಗಿ ಬಿಸಿ ಗಾಜಿನ ನಳಿಗೆಯನ್ನು ಬರಿಗೈಯಲ್ಲಿ ಹಿಡಿದು ಬೆರಳು ಸುಟ್ಟುಕೊಂಡಿದ್ದಳು. ಅವಳ ತಂದೆ, ಊರಿನ ದೊಡ್ಡ ಬಟ್ಟೆ ಅಂಗಡಿಯವರು, ಬೆಂಕಿಯಾಗಿ ಬಂದು ಕಾರಿಡಾರಿನಲ್ಲಿ ನಿಂತು ಟೀಚರ ಮೇಲೆ ಹರಿಹಾಯುತ್ತಿದ್ದರು. ಮೇಷ್ಟ್ರು ಓಡಿಬಂದು ನಡುವೆ ನಿಂತರು. "ಬಿಡಿ ಟೀಚರ್, ನಾನು ನೋಡ್ಕೋತೀನಿ" ಅಂದು ಅವಳನ್ನು ಒಳಗೆ ಕಳಿಸಿ, ಎರಡೂ ಕೈ ಜೋಡಿಸಿ, ತಲೆ ತಗ್ಗಿಸಿ, "ತಪ್ಪಾಯ್ತು ಯಜಮಾನ್ರೇ, ನಮ್ಮಿಂದ ತಪ್ಪಾಯ್ತು, ಕ್ಷಮಿಸಿಬಿಡಿ" ಅಂದರು. ಅಂಗಡಿಯವರು ಬೆಣ್ಣೆಯಂತೆ ಕರಗಿಹೋದರು. ಇನ್ನು ಅಪಾಯ ಬೇಡ ಅಂತ ಬರ್ನರುಗಳನ್ನೆಲ್ಲ ಬೀರುವಿಗೆ ಹಾಕಿದರು. ಮರುಭಾನುವಾರ ಚರ್ಚಿನಲ್ಲಿ ಎಲ್ಲರ ಮುಂದೆ ತಮ್ಮ ಅನುಭವದ ಸಾಕ್ಷಿ ಹೇಳುವ ಸರದಿ ಬಂದಾಗ, ದೀನತೆ ಹೇಗೆ ಕೋಪವನ್ನು ಆರಿಸುತ್ತದೆ ಎಂಬುದಕ್ಕೆ ಮೇಷ್ಟ್ರು ಇದೇ ಕಥೆ ಹೇಳಿದರು. ಜನ ಕಣ್ಣೊರೆಸಿಕೊಂಡರು. ವಿಜ್ಞಾನದ ಟೀಚರ್ ಅಂದು ಮೂರನೇ ಬೆಂಚಿನಲ್ಲೇ ಕೂತಿದ್ದಳು.

"ಅವತ್ತು ನಾನು ತಪ್ಪು ಮಾಡಿರಲಿಲ್ಲ ಸಾರ್," ಅಂದಳು ಈಗ. "ಇಕ್ಕಳ ಕೊಟ್ಟಿದ್ದೆ. ಮುಟ್ಟಬೇಡಿ ಅಂತ ಹಲಗೆ ಮೇಲೆ ಬರೆದಿದ್ದೆ. ತಣ್ಣೀರಲ್ಲಿ ಬೆರಳು ಹಿಡಿಸಿದ್ದು ನಾನು, ಅವರಪ್ಪನಿಗೆ ಫೋನ್ ಮಾಡಿ ಕರೆಸಿದ್ದೂ ನಾನೇ. ಅವರಿಗೆ ಹೇಳೋ ಮಾತು ನನ್ನ ಬಾಯಲ್ಲಿತ್ತು. ನೀವು ಬಂದು ಕ್ಷಮೆ ಕೇಳಿದ್ರಿ. ಕ್ಷಮೆ ಕೇಳಿದ ಮೇಲೆ ಇನ್ನೇನಿದೆ? ಹೆಡ್‌ಮೇಷ್ಟ್ರೇ ಒಪ್ಕೊಂಡ್ರಂತೆ ಅಂತ ಊರೆಲ್ಲ ಆಯ್ತು. ನೀವು ನಿಮ್ಮ ತಲೆ ತಗ್ಗಿಸಿದೆ ಅಂದ್ಕೊಂಡ್ರಿ. ತಗ್ಗಿದ್ದು ನನ್ನ ತಲೆ ಸಾರ್."

ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

"ನಾನು... ನಾನು ಇವತ್ತೇ ಅವರ ಅಂಗಡಿಗೆ ಹೋಗಿ ಹೇಳ್ತೀನಮ್ಮ. ಟೀಚರದ್ದು ಏನೂ ತಪ್ಪಿಲ್ಲ ಅಂತ ಸ್ಪಷ್ಟವಾಗಿ..."

"ಅದನ್ನೂ ನನ್ನ ಪರವಾಗಿ ನೀವೇ ಮಾಡ್ತೀರಾ?" ಅಂದಳು. ಸಿಟ್ಟಿರಲಿಲ್ಲ, ಬರೀ ದಣಿವು. "ಬೇಡ ಸಾರ್. ದೊಡ್ಡ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿದೆ. ಅಲ್ಲಿ ನನ್ನನ್ನ ಯಾರೂ ಕಾಪಾಡಲ್ಲ. ಅಷ್ಟು ಸಾಕು."

ಮೇಷ್ಟ್ರು ಅಲ್ಲಿಂದ ಆಟದ ಮೈದಾನಕ್ಕೆ ಹೋದರು. ಆಟದ ಮೇಷ್ಟ್ರು ಗಟ್ಟಿಗ, ಧೈರ್ಯಸ್ಥ, ಅವರಾದರೂ ನಿಲ್ಲಬಹುದು ಅಂತ ಆಸೆ. ಆ ಮನುಷ್ಯ ವಿಷಯ ಕೇಳಿ ಹೊಟ್ಟೆ ಹಿಡಿದು ನಕ್ಕುಬಿಟ್ಟರು. "ನಾನಾ? ಸಾರ್, ಈ ಶಾಲೆಯ ಬಾಗಿಲಿನ ಬೀಗದಕೈ ಎಲ್ಲಿರುತ್ತೆ ಅಂತಾನೇ ನನಗೆ ಗೊತ್ತಿಲ್ಲ. ಒಂದು ಸಲ ಬೇಗ ಬಂದು ಹೊರಗೆ ಕಾಯ್ತಾ ನಿಂತಿದ್ದೆ, ನೀವು ಬಂದು ತೆಗೆದ್ರಿ." ಹೇಳಿದ್ದು ತಮಾಷೆಗೆ. ಮೇಷ್ಟ್ರ ಜೇಬಿನಲ್ಲಿ ಬೀಗದಕೈ ಗೊಂಚಲು ಭಾರವಾಗಿತ್ತು.

ಮನೆಗೆ ಬಂದರೆ ಹೆಂಡತಿ ಪಾತ್ರೆ ತೊಳೆಯುತ್ತಿದ್ದರು. ಮೇಷ್ಟ್ರು ಅಭ್ಯಾಸಬಲದಿಂದ ತೋಳು ಮಡಚಿಕೊಂಡು ಸಿಂಕಿನ ಕಡೆ ನಡೆದರು.

"ಹತ್ತಿರ ಬಂದ್ರೆ ನೋಡಿ ಮತ್ತೆ!" ಅಂದರು ಹೆಂಡತಿ. "ಮದುವೆಯಾದಾಗಿನಿಂದ ಒಂದು ಲೋಟ ಪೂರ್ತಿ ತೊಳೆಯೋಕೆ ಬಿಟ್ಟಿಲ್ಲ ನನ್ನ. ಅಕ್ಕಪಕ್ಕದವರು ಪುಣ್ಯವಂತೆ ಅಂತಾರೆ. ನನ್ನ ಕಷ್ಟ ನನಗೆ. ಹೋಗಿ, ಕೂತ್ಕೊಳ್ಳಿ."

ಕೂತರು. ಕೂತವರ ಕಣ್ಣು ತುಂಬಿಬಂತು. ಹೆಂಡತಿ ಗಾಬರಿಯಾಗಿ ಕೈ ಒರೆಸಿಕೊಂಡು ಬಂದರೆ, ನಡೆದದ್ದನ್ನೆಲ್ಲ ಹೇಳಿದರು. ಆಕೆ ಬಾಯಿ ಜೋರಾದರೂ ಗಂಡನನ್ನು ಕಂಡರೆ ಪ್ರಾಣ.

"ಒಂದು ಮಾತು ಕೇಳ್ಲಾ? ಸ್ವಾಮಿ ಕಾಲು ತೊಳೆದ್ರು, ಸರಿ. ತೊಳೆದ ಮೇಲೆ ಏನು ಹೇಳಿದ್ರು?"

"ನೀವೂ ಹೀಗೇ ಮಾಡಿ ಅಂದ್ರು."

"ಅಂದ್ರೆ ಬೋಗುಣಿನ ಅವರ ಕೈಗೆ ಕೊಟ್ರು ತಾನೇ? ದಿನಾ ಬೆಳಗಾದ್ರೆ ನಾನೇ ತೊಳೀತೀನಿ, ನೀವೆಲ್ಲ ಕಾಲು ಚಾಚ್ಕೊಂಡು ಕೂತಿರಿ ಅನ್ನಲಿಲ್ಲವಲ್ಲ. ಮೀನು ಹಿಡಿಯೋ ಶಿಷ್ಯರನ್ನ, ಅರ್ಧಂಬರ್ಧ ಕಲಿತೋರನ್ನ, ಇಬ್ಬಿಬ್ಬರನ್ನಾಗಿ ಊರೂರಿಗೆ ಕಳಿಸಿದ್ರು. ಎಡವಿದ್ರು, ಬೈಸ್ಕೊಂಡ್ರು, ಕಲಿತ್ರು. ನೀವು ಯಾರನ್ನ ಕಳಿಸಿದ್ರಿ?"

ಮೇಷ್ಟ್ರು ಬೈಬಲಿನ ಆ ಭಾಗವನ್ನು ಎಷ್ಟು ಸಲ ಓದಿದ್ದರೋ ಲೆಕ್ಕವಿಲ್ಲ. ಓದುವಾಗಲೆಲ್ಲ ಬಗ್ಗಿ ಕೂತ ಸ್ವಾಮಿಯ ಜಾಗದಲ್ಲಿ ತಮ್ಮನ್ನೇ ಕೂರಿಸಿಕೊಂಡಿದ್ದರು. ಎದ್ದು ನಿಂತು ಬೋಗುಣಿಯನ್ನು ದಾಟಿಸುವ ಸ್ವಾಮಿ ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ.

"ಈಗ ಏನು ಮಾಡ್ಲಿ?"

"ಏನೂ ಮಾಡ್ಬೇಡಿ. ಆ ಹುಡುಗಿ ಬೇಡ ಅಂದಿದಾಳಲ್ಲ, ಬಾಯಿ ಮುಚ್ಕೊಂಡಿರಿ. ಅದೇ ನೀವು ಅವಳಿಗೆ ಮಾಡೋ ಸೇವೆ."

ಉಳಿದ ತಿಂಗಳುಗಳನ್ನು ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡೇ ಕಳೆದರು. ಬೀರುವಿನ ಬೀಗದಕೈಯನ್ನು ಅವಳ ಮೇಜಿನ ಮೇಲಿಟ್ಟು ಬಂದರು. ಮಾರನೆಯ ದಿನ ಪ್ರಯೋಗಾಲಯದಿಂದ ಗಾಜು ಒಡೆದ ಸದ್ದು ಕೇಳಿದಾಗ ಓಡಲು ಎದ್ದವರು, ಮೇಜಿನ ಅಂಚು ಹಿಡಿದುಕೊಂಡು ಮತ್ತೆ ಕೂತರು. ಒಳಗಿಂದ ಅವಳ ದನಿ ಕೇಳಿಸಿತು, ಗಟ್ಟಿಯಾಗಿ, ಹಳೆಯ ಹುಡುಗಿಯ ದನಿ: "ಯಾರೂ ಅಲ್ಲಾಡ್ಬೇಡಿ, ಮೊದಲು ಚಪ್ಪಲಿ ನೋಡ್ಕೊಳ್ಳಿ!" ಆಮೇಲೆ ಮಕ್ಕಳ ನಗು. ಇಷ್ಟು ಸುಲಭವಾಗಿತ್ತೇ ಅಂದುಕೊಂಡರು ಮೇಷ್ಟ್ರು. ಅಷ್ಟು ಹೊತ್ತಿಗೆ ಮಂಡಳಿ ಶಾಲೆ ಮುಚ್ಚುವ ತೀರ್ಮಾನ ಮಾಡಿ ಆಗಿತ್ತು.

ಬೀಳ್ಕೊಡುಗೆಯ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಳೆಯ ವಿದ್ಯಾರ್ಥಿಗಳು, ಪೋಷಕರು, ಚರ್ಚಿನವರು ಎಲ್ಲ ಸೇರಿದ್ದರು. ಬಟ್ಟೆ ಅಂಗಡಿಯವರು ಮುಂದಿನ ಸಾಲಿನಲ್ಲಿದ್ದರು. ವಿಜ್ಞಾನದ ಟೀಚರ್ ಹಿಂದೆ, ಬಾಗಿಲ ಹತ್ತಿರ. ಪಾದ್ರಿಗಳು ಮೈಕ್ ಹಿಡಿದರು.

"ಶಾಲೆ ಯಾಕೆ ಮುಚ್ತಾ ಇದೀರಿ ಅಂತ ತುಂಬ ಜನ ಕೇಳಿದ್ರಿ. ಉತ್ತರ ಇಲ್ಲೇ ಕೂತಿದೆ ನೋಡಿ. ಈ ಮಹಾನುಭಾವರ ಜಾಗದಲ್ಲಿ ನಿಲ್ಲೋಕೆ ಒಬ್ಬರೂ ಸಿಗಲಿಲ್ಲ. ಒಬ್ಬರೂ! ಒಬ್ಬ ಸೇವಕನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಾ?"

ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಹೆಂಡತಿ ಕೆಳಗಿನಿಂದ ಕಣ್ಣಲ್ಲೇ ಬೇಡ ಬೇಡ ಅನ್ನುತ್ತಿದ್ದರೂ ಎದ್ದು ಮೈಕಿನ ಮುಂದೆ ನಿಂತರು.

"ಅದು ಹೊಗಳಿಕೆ ಅಲ್ಲ ಫಾದರ್. ಅದೇ ನನ್ನ ತಪ್ಪು. ಸೇವೆ ಅಂದ್ಕೊಂಡು ಎಲ್ಲರ ಕೈಯಿಂದ ಕೆಲಸ ಕಿತ್ಕೊಂಡೆ. ಯಾರನ್ನೂ ಬೆಳೆಸಲಿಲ್ಲ. ಈ ಶಾಲೆ ಮುಚ್ಚಿದ್ದು ನಾನು." ಬಟ್ಟೆ ಅಂಗಡಿಯವರತ್ತ ತಿರುಗಿದರು. "ಒಬ್ಬ ಟೀಚರ್ ಏನೂ ತಪ್ಪು ಮಾಡದೇ ಇದ್ದಾಗ, ಅವರ ಪರವಾಗಿ ನಾನು ಕ್ಷಮೆ ಕೇಳ್ದೆ. ಅವತ್ತು ಮಗು ಕೈ ಸುಟ್ಟುಕೊಂಡದ್ದರಲ್ಲಿ ಅವರದ್ದು ಎಳ್ಳಷ್ಟೂ ತಪ್ಪಿರಲಿಲ್ಲ. ತಪ್ಪು ಪೂರ್ತಿ ನನ್ನದು. ದಯವಿಟ್ಟು ನಂಬಿ."

ಮೇಷ್ಟ್ರಿಗೆ, ಸದ್ಯ, ಹೇಳಿಬಿಟ್ಟೆನಲ್ಲ ಅನಿಸಿತು. ಅಷ್ಟರಲ್ಲಿ ಬಟ್ಟೆ ಅಂಗಡಿಯವರು ಧಡಕ್ಕನೆ ಎದ್ದು ವೇದಿಕೆ ಹತ್ತಿ, ಅವರ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. ಅವರ ಮಾತು ಮೈಕಿಗೆ ಬಿದ್ದು ಸಭಾಂಗಣದ ಕೊನೆಯವರೆಗೂ ಕೇಳಿಸಿತು.

"ನೋಡಿದ್ರಾ ಎಲ್ಲರೂ? ಕೊನೇ ದಿನಾನೂ ಆ ಟೀಚರ್ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೋತಾ ಇದಾರೆ! ಎಂಥಾ ಮನುಷ್ಯ ರೀ ಇವರು!"

"ಇಲ್ಲ ಯಜಮಾನ್ರೇ, ಹಾಗಲ್ಲ, ಕೇಳಿ ಇಲ್ಲಿ," ಅಂದರು ಮೇಷ್ಟ್ರು. ಅಂಗಡಿಯವರು ಅವರನ್ನು ಬಾಚಿ ತಬ್ಬಿಕೊಂಡರು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿತು. ಪಾದ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೆಂಡತಿ ಒಬ್ಬರೇ ಕೂತಲ್ಲೇ ಕೂತು, ಮುಖ ಮುಚ್ಚಿಕೊಂಡಿದ್ದರು.

ಅಂಗಡಿಯವರ ಭುಜದ ಮೇಲಿಂದ ಮೇಷ್ಟ್ರು ಹಿಂದಿನ ಸಾಲಿನತ್ತ ನೋಡಿದರು. ವಿಜ್ಞಾನದ ಟೀಚರ್ ಬ್ಯಾಗನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿದ್ದ ಯಾರೋ ಅವಳತ್ತ ತಿರುಗಿ ನೋಡಿ ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳಿದರು. ಅವಳು ತಲೆ ತಗ್ಗಿಸಿಕೊಂಡು ಬಾಗಿಲ ಕಡೆ ನಡೆದಳು. ಮೇಷ್ಟ್ರು ಕೂಗಿ ಕರೆಯಲು ಹೋದರು. ಎದ್ದು ನಿಂತ ಜನರ ನಡುವೆ ಆಮೇಲೆ ಅವಳು ಕಾಣಿಸಲಿಲ್ಲ.